ಮದುವೆಯಾಗಿ 6 ವರ್ಷ, ಈಗ ಹರ್ಪಿಸ್ ಅಂದರು. ಹೆಂಡತಿಗೆ ಹೇಗೆ ಹೇಳಲಿ?

ತೋಟದ_ಮನೆ (ಭಾನುವಾರ ರಾತ್ರಿ)

ಇಲ್ಲಿ ನನ್ನನ್ನು ಗುರುತು ಹಿಡಿಯುವವರು ಯಾರೂ ಇಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವಯಸ್ಸು 34. ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಮದುವೆಯಾಗಿ 6 ವರ್ಷ, 4 ವರ್ಷದ ಮಗಳಿದ್ದಾಳೆ. ಹೆಂಡತಿಗೆ ಈಗ 5 ತಿಂಗಳು.

ಅಡಿಕೆ ಗೊನೆ ಕೊಯ್ಲು ನಡೆಯುತ್ತಿತ್ತು. ಹೋದ ಸೋಮವಾರ ಸಂಜೆ ಮೈಕೈ ನೋವು, ಚಳಿ ಜ್ವರ. ನಮ್ಮ ಕಡೆ ಈ ತಿಂಗಳಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ, ಅದಕ್ಕೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬಂದೆ. ಅದಲ್ಲ ಅಂತ ಬಂತು. ಅಷ್ಟರಲ್ಲಿ ಬುಧವಾರ ಕೆಳಗೆ ಉರಿ ಶುರುವಾಗಿತ್ತು. ಸಾಸಿವೆ ಕಾಳಿನಷ್ಟು ನೀರ್ಗುಳ್ಳೆ, ಒಂದರ ಪಕ್ಕ ಒಂದು, ಗೊಂಚಲು ಕಟ್ಟಿದ ಹಾಗೆ. ಮಾರನೇ ದಿನ ಒಡೆದು ಹುಣ್ಣಾಯಿತು. ತೊಡೆಸಂದಿಯಲ್ಲಿ ಗಂಟು. ಮೂತ್ರ ಮಾಡುವಾಗ ಗೋಡೆ ಹಿಡಿದು ನಿಲ್ಲುತ್ತೇನೆ, ಕಣ್ಣಲ್ಲಿ ನೀರು ಬರುತ್ತದೆ.

ಮೆಡಿಕಲ್ ಶಾಪಿನಲ್ಲಿ ಸರಿಯಾಗಿ ಹೇಳಲು ನಾಚಿಕೆಯಾಗಿ ತೊಡೆಸಂದಿ ತುರಿಕೆ ಅಂದೆ. ಹುಳುಕಡ್ಡಿಗೆ ಹಚ್ಚುವ ಕ್ರೀಮ್ ಕೊಟ್ಟರು. ಜಾಸ್ತಿಯಾಯಿತು. ಶುಕ್ರವಾರ ಪೇಟೆಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಎದ್ದು ಬಂದು ನೋಡಲೂ ಇಲ್ಲ, ಕೂತಲ್ಲಿಂದಲೇ ಒಂದು ಸಲ ಕಣ್ಣು ಹಾಯಿಸಿ, ಹೊರಗೆ ಕೂತವರಿಗೂ ಕೇಳುವ ಹಾಗೆ 'ಇದು ಹರ್ಪಿಸ್, ಎಲ್ಲಿಂದ ತಂದೆ?' ಅಂದರು. 5 ದಿನಕ್ಕೆ ಏಸೈಕ್ಲೋವಿರ್ ಮಾತ್ರೆ ಬರೆದರು. ಮಾತ್ರೆ ಕೊಟ್ಟ ಹುಡುಗ 'ಇದು ಸರ್ಪಸುತ್ತಿಗೆ ಕೊಡುವ ಮಾತ್ರೆ ಅಲ್ವಾ' ಅಂದ. ಈಗ ನನಗೆ ಇದು ಸರ್ಪಸುತ್ತೋ ಅದೋ ಒಂದೂ ಗೊತ್ತಾಗುತ್ತಿಲ್ಲ.

ಮದುವೆಯಾದ ಮೇಲೆ ನಾನು ಬೇರೆ ಕಡೆ ಹೋಗಿಲ್ಲ. ಮಗಳ ಮೇಲಾಣೆ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಬ್ಬರ ಜೊತೆ ಸಂಬಂಧ ಇತ್ತು, ಅದು ಮುಗಿದು 8 ವರ್ಷವಾಯಿತು. ಹಾಗಾದರೆ ಇದು ನನ್ನ ಹೆಂಡತಿಯಿಂದ ಬಂತಾ? ಈ ಪ್ರಶ್ನೆ ಬರೆಯುವಾಗಲೇ ಕೈ ನಡುಗುತ್ತದೆ. ಕೆಮ್ಮು ಅಂತ ಸುಳ್ಳು ಹೇಳಿ ಜಗುಲಿಯಲ್ಲಿ ಮಲಗುತ್ತಿದ್ದೇನೆ. ಒಂದೇ ಬಚ್ಚಲು, ಒಂದೇ ಟವೆಲ್, ಮಗಳಿಗೂ ಬರುತ್ತದಾ? ಎಂತ ಮಾಡಬೇಕು ಹೇಳಿ.

ಹಳೇ_ನರ್ಸ್

ತಮ್ಮಾ, ನಾನು ಸರಕಾರಿ ಆಸ್ಪತ್ರೆಗಳಲ್ಲಿ 30 ವರ್ಷ ನರ್ಸ್ ಆಗಿದ್ದವಳು. ಈಗ ಸಾಗರದ ಹತ್ತಿರ ಮನೆಯಲ್ಲಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆದರೆ ಈ ಕಾಯಿಲೆಯವರನ್ನು ಬಹಳ ಜನರನ್ನು ನೋಡಿದ್ದೇನೆ.

ಮಗಳ ವಿಷಯ ಮೊದಲು. ಟವೆಲ್, ಬಚ್ಚಲು, ಕಕ್ಕಸು, ತಟ್ಟೆ ಲೋಟ, ಇವುಗಳಿಂದ ಇದು ಹರಡುವುದಿಲ್ಲ. ಈ ವೈರಸ್ ಮೈಯಿಂದ ಹೊರಗೆ ಬಿದ್ದರೆ ಜಾಸ್ತಿ ಹೊತ್ತು ಬದುಕುವುದಿಲ್ಲ. ಚರ್ಮಕ್ಕೆ ಚರ್ಮ ತಾಗಿದರೆ ಮಾತ್ರ. ಹುಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಮಗಳನ್ನು ಎತ್ತಿಕೊಳ್ಳಿ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿಸಿ. ಏನೂ ಆಗುವುದಿಲ್ಲ.

ಸರ್ಪಸುತ್ತಿನ ಗೊಂದಲ ನಮ್ಮ ಕಡೆ ತುಂಬಾ ಇದೆ. ಅದು ಬೇರೆ, ಇದು ಬೇರೆ, ಆದರೆ ಒಂದೇ ಮನೆತನದ ವೈರಸ್‌ಗಳು. ಚಿಕ್ಕಂದಿನಲ್ಲಿ ಅಮ್ಮ ಬಂದಿದೆ ಅನ್ನುತ್ತಾರಲ್ಲ, ಆ ಸೀತಾಳೆ ಸಿಡುಬಿನ ವೈರಸ್ ಮೈಯೊಳಗೇ ಉಳಿದು ವಯಸ್ಸಾದ ಮೇಲೆ ಎದ್ದರೆ ಅದು ಸರ್ಪಸುತ್ತು. ಮೈಯ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಬರುತ್ತದೆ. ನಿಮ್ಮದು ಹರ್ಪಿಸ್ ಸಿಂಪ್ಲೆಕ್ಸ್. ಎರಡಕ್ಕೂ ಅದೇ ಮಾತ್ರೆ ಕೆಲಸ ಮಾಡುತ್ತದೆ, ಅದಕ್ಕೇ ಆ ಹುಡುಗ ಹಾಗಂದಿದ್ದು. ಕೆಮ್ಮಣ್ಣು ಹಚ್ಚಿಸಲು, ಮಂತ್ರ ಹಾಕಿಸಲು ಹೋಗಬೇಡಿ.

ಹರ್ಪಿಸ್ ಸಿಂಪ್ಲೆಕ್ಸಿನಲ್ಲಿ ಎರಡು ಬಗೆ. ಒಂದನೇ ಬಗೆ ಹೆಚ್ಚಾಗಿ ತುಟಿಯ ಮೇಲೆ ಬರುತ್ತದೆ, ಜ್ವರದ ಗುಳ್ಳೆ ಅನ್ನುತ್ತೇವಲ್ಲ ಅದು. ಎರಡನೆಯದು ಹೆಚ್ಚಾಗಿ ಕೆಳಗೆ. ಆದರೆ ತುಟಿಯದು ಬಾಯಿಯ ಮೂಲಕ ಕೆಳಗೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಲ್ಲಿ 15 ರಿಂದ 49 ವಯಸ್ಸಿನವರಲ್ಲಿ 52 ಕೋಟಿ ಜನಕ್ಕೆ ಎರಡನೇ ಬಗೆ ಇದೆ, ಅಂದರೆ ಪ್ರಪಂಚದಲ್ಲಿ ಆ ವಯಸ್ಸಿನ ನೂರು ಜನರಲ್ಲಿ 13 ಜನ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ. ಗುಳ್ಳೆ ಏಳುವುದೇ ಇಲ್ಲ, ಅಥವಾ ಎದ್ದರೂ ಸಣ್ಣ ಗೀರು, ತುರಿಕೆ ಅಂದುಕೊಂಡು ಬಿಡುತ್ತಾರೆ.

ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ವೈರಸ್ ಒಳಗೆ ಬಂದ ಮೇಲೆ ಬೆನ್ನುಮೂಳೆಯ ಕೆಳತುದಿಯ ಹತ್ತಿರ ನರದ ಗಂಟಿನಲ್ಲಿ ಸುಮ್ಮನೆ ಕೂತಿರುತ್ತದೆ. ವರ್ಷಗಟ್ಟಲೆ ಕೂತಿರಬಹುದು. ಮೊದಲ ಸಲ ಗುಳ್ಳೆ ಕಂಡಿತು ಅಂದ ಮಾತ್ರಕ್ಕೆ ಮೊನ್ನೆಯೇ ಬಂತು ಅಂತ ಅಲ್ಲ. ಈಗಷ್ಟೇ ಅಂಟಿದ್ದರೆ ಸಾಮಾನ್ಯವಾಗಿ 2 ರಿಂದ 12 ದಿನದಲ್ಲಿ ಕಾಣಿಸುತ್ತದೆ, ಆದರೆ ಹಳೆಯದು ಯಾವಾಗ ಏಳುತ್ತದೆ ಅಂತ ಯಾರೂ ಹೇಳಲಾಗದು. ಗುಳ್ಳೆ ನೋಡಿ ಯಾರಿಂದ ಬಂತು, ಯಾವ ವರ್ಷ ಬಂತು ಅಂತ ಯಾವ ಡಾಕ್ಟರೂ ಹೇಳುವುದಕ್ಕೆ ಆಗುವುದಿಲ್ಲ. 'ಎಲ್ಲಿಂದ ತಂದೆ' ಅಂತ ಕೇಳಿದವರು ತಪ್ಪು ಮಾಡಿದರು. ನೀವು ಅದೇ ಪ್ರಶ್ನೆಯನ್ನು ಹೆಂಡತಿಯ ಮುಂದೆ ಇಡಬೇಡಿ.

ನಾಳೆಯೇ ಶಿವಮೊಗ್ಗಕ್ಕೆ ಹೋಗಿ. ಮೆಗ್ಗಾನ್ ಸರಕಾರಿ ಆಸ್ಪತ್ರೆಯಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗದಲ್ಲಿ ತೋರಿಸಿ. ಸರಕಾರಿ ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ಇಂಥ ಕಾಯಿಲೆಗಳಿಗೇ ಇರುವುದು. ದುಡ್ಡಿಲ್ಲ, ಗುಟ್ಟು ಕಾಯುತ್ತಾರೆ. ಗುಳ್ಳೆ ಒಣಗುವ ಮುಂಚೆ ಹೋಗಬೇಕು.

ಲ್ಯಾಬ್_ಹುಡುಗ

ಅಕ್ಕ ಹೇಳಿದ್ದರಲ್ಲಿ ಕೊನೆಯ ಮಾತು ಬಹಳ ಮುಖ್ಯ. ಒಡೆಯದ ಗುಳ್ಳೆ ಅಥವಾ ಹಸಿ ಹುಣ್ಣಿನಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿದರೆ ವೈರಸ್ ಇದೆಯೋ ಇಲ್ಲವೋ, ಒಂದನೇ ಬಗೆಯೋ ಎರಡನೆಯದೋ ಎಲ್ಲ ಗೊತ್ತಾಗುತ್ತದೆ. ಹುಣ್ಣು ಒಣಗಿ ಹಕ್ಕಳೆ ಕಟ್ಟಿದ ಮೇಲೆ ತೆಗೆದರೆ ವೈರಸ್ ಇದ್ದರೂ ಸಿಗದೇ ಹೋಗಬಹುದು. ಸಣ್ಣ ಊರುಗಳ ಲ್ಯಾಬುಗಳಲ್ಲಿ ಈ ಟೆಸ್ಟ್ ಇರುವುದಿಲ್ಲ, ಸ್ಯಾಂಪಲ್ ಹೊರಗೆ ಕಳಿಸುತ್ತೇವೆ, ಕೆಲವು ದಿನ ಹಿಡಿಯುತ್ತದೆ.

ವೈರಸ್ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯಗಳನ್ನು ನೋಡುವ ರಕ್ತಪರೀಕ್ಷೆ ಎರಡಿವೆ, ಐಜಿಎಂ ಮತ್ತು ಐಜಿಜಿ. ಯಾರಾದರೂ ಐಜಿಎಂ ಮಾಡಿಸಿ ಅಂದರೆ ದುಡ್ಡು ಹಾಕಬೇಡಿ. ಹೊಸ ಸೋಂಕಿಗೆ ಐಜಿಎಂ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಹರ್ಪಿಸ್‌ನಲ್ಲಿ ಅದನ್ನು ನಂಬುವ ಹಾಗಿಲ್ಲ. ಹಳೆಯದು ಎದ್ದಾಗಲೂ ಪಾಸಿಟಿವ್ ಬರುತ್ತದೆ, ಏನೂ ಇಲ್ಲದವರಿಗೂ ಬರುತ್ತದೆ. ಆ ಒಂದು ಕಾಗದ ಹಿಡಿದುಕೊಂಡು 'ಈಗ ತಾನೇ ಬಂದಿದೆಯಂತೆ' ಅಂತ ಮನೆಯಲ್ಲಿ ಗಲಾಟೆ ಮಾಡಿಕೊಂಡವರನ್ನು ಕೌಂಟರಿನ ಈಚೆ ನಿಂತು ನೋಡಿದ್ದೇನೆ. ನೋಡಲು ಆಗುವುದಿಲ್ಲ.

ಐಜಿಜಿ ಬೇರೆ. ಅದು ಬಗೆ ತಿಳಿಸುವ ಐಜಿಜಿ ಆಗಿರಬೇಕು, ಎರಡನೇ ಬಗೆಗೆ ಬೇರೆಯಾಗಿಯೇ ಮಾಡಿಸಬೇಕು. ಹೊಸದಾಗಿ ಅಂಟಿದವರಿಗೆ ಅದು ಪಾಸಿಟಿವ್ ಆಗಲು ಕೆಲವು ವಾರ ಬೇಕು, ಕೆಲವರಿಗೆ 12 ವಾರದವರೆಗೂ. ಹಾಗಾಗಿ ಗುಳ್ಳೆ ಎದ್ದ ಮೊದಲ ವಾರದಲ್ಲೇ ಐಜಿಜಿ ಗಟ್ಟಿಯಾಗಿ ಪಾಸಿಟಿವ್ ಬಂದರೆ ಸೋಂಕು ಹಳೆಯದು ಅಂತ ಅರ್ಥ. ಇಂಡೆಕ್ಸ್ ಅಂತ ಒಂದು ಸಂಖ್ಯೆ ಕೊಡುತ್ತಾರೆ, ಅದು 3ಕ್ಕಿಂತ ಕಡಿಮೆ ಇದ್ದರೆ ಸುಳ್ಳು ಪಾಸಿಟಿವ್ ಇರಬಹುದು, ಇನ್ನೊಂದು ಸಲ ನೋಡಬೇಕು.

ಜೊತೆಗೇ ಎಚ್‌ಐವಿ ಮತ್ತು ಸಿಫಿಲಿಸ್ ಟೆಸ್ಟ್ ಮಾಡಿಸಿ. ಹೆದರಿಸಲು ಹೇಳುತ್ತಿಲ್ಲ. ಕೆಳಗೆ ಹುಣ್ಣು ಬಂದವರಿಗೆಲ್ಲ ಮಾಡುತ್ತಾರೆ.

ನೇರ_ಮಾತು

ಬೇಜಾರು ಮಾಡಿಕೊಳ್ಳಬೇಡಿ. ನಡತೆ ಸರಿ ಇದ್ದರೆ ಇಂಥ ಕಾಯಿಲೆ ಬರುವುದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೇನೆ. ಗುಣವಾಗಲಿ ಅಂತ ನಿಜವಾಗಿ ಹಾರೈಸುತ್ತೇನೆ, ಆದರೆ ತಪ್ಪು ಒಪ್ಪಿಕೊಳ್ಳಿ. ಔಷಧಿಗೆ ನಮ್ಮ ಊರಿನಲ್ಲಿ ಹುಣ್ಣಿಗೆ ಅಡಿಕೆ ಚೊಗರು ಹಚ್ಚುತ್ತಾರೆ, ಬೇಗ ಒಣಗುತ್ತದೆ.

ಮಳೆ_ಹುಡುಗಿ

ದಯವಿಟ್ಟು ಚೊಗರು ಹಚ್ಚಬೇಡಿ. ನಾನು ಹಚ್ಚಿಕೊಂಡವಳು. 9 ವರ್ಷದ ಹಿಂದೆ, ಮೊದಲ ಸಲ ಬಂದಾಗ, ಡಾಕ್ಟರ ಹತ್ತಿರ ಹೋಗಲು ಹೆದರಿ ಯಾರೋ ಹೇಳಿದರು ಅಂತ ಹಚ್ಚಿದೆ. ಅಡಿಕೆ ಬೇಯಿಸಿದ ಆ ಕಪ್ಪು ನೀರು ಕೈಗೆ ತಾಗಿದರೇ ಚರ್ಮ ಬಿಗಿಯುತ್ತದೆ, ಹಸಿ ಹುಣ್ಣಿನ ಮೇಲೆ ಹೇಗಿರುತ್ತದೆ ನೀವೇ ಯೋಚಿಸಿ. ರಾತ್ರಿಯಿಡೀ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೇನೆ. ಹುಣ್ಣು ದೊಡ್ಡದಾಯಿತು, ಮೂತ್ರ ಕಟ್ಟಿತು, ಕೊನೆಗೆ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಬೇಕಾಯಿತು.

ನಡತೆಯ ಮಾತಿಗೆ ನನಗೆ ಸಿಟ್ಟಿಲ್ಲ, ದುಃಖ ಇದೆ. ನನಗೆ ಇದು ಬಂದದ್ದು ಮೊದಲ ಮದುವೆಯ ಗಂಡನಿಂದ. ನನಗೆ ಆಗ 22. ತಾಳಿ ಕಟ್ಟಿದವನನ್ನು ಬಿಟ್ಟು ಬೇರೆ ಗಂಡಸಿನ ಕೈ ಮುಟ್ಟಿದವಳಲ್ಲ. ಈಗ ಹೇಳಿ, ನನ್ನ ತಪ್ಪು ಯಾವುದು ಅಂತ ಒಪ್ಪಿಕೊಳ್ಳಲಿ?

ತೋಟದ ಮನೆ ಅಣ್ಣ, ಮೊದಲ ಸಲ ಬರುವುದೇ ಎಲ್ಲಕ್ಕಿಂತ ಕಷ್ಟದ್ದು. ಜ್ವರ, ಗಂಟು, ನೋವು, ಎಲ್ಲ ಸೇರಿ 2 ರಿಂದ 4 ವಾರ ಹಿಡಿಯುತ್ತದೆ. ಆಮೇಲೆ ಬಂದರೂ ಅಷ್ಟು ಇರುವುದಿಲ್ಲ. ನನಗೆ ಮೊದಲ ವರ್ಷ 5 ಸಲ ಬಂತು, ಈಗ ವರ್ಷಕ್ಕೆ ಒಂದು ಸಲ, ಕೆಲವು ವರ್ಷ ಅದೂ ಇಲ್ಲ. ಬರುವ ಹಿಂದಿನ ದಿನ ಗೊತ್ತಾಗುತ್ತದೆ. ತೊಡೆಯ ಹಿಂಭಾಗದಲ್ಲಿ ಇರುವೆ ಹರಿದ ಹಾಗೆ, ಆಮೇಲೆ ಆ ಜಾಗದಲ್ಲಿ ಚುರುಚುರು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ನಿದ್ದೆ ಕೆಟ್ಟರೆ, ಜ್ವರ ಬಂದರೆ, ಮುಟ್ಟಿನ ಹತ್ತಿರ, ಹೀಗೆ. ಬಿಂದಿ ಪ್ಯಾಕೆಟ್ ಇಡುವ ಸ್ಟೀಲ್ ಡಬ್ಬಿಯಲ್ಲೇ ಒಂದು ಪಟ್ಟಿ ಮಾತ್ರೆ ಇಟ್ಟಿದ್ದೇನೆ. ಆ ಇರುವೆ ಹರಿಯಲು ಶುರುವಾದ ತಕ್ಷಣ ಡಾಕ್ಟರ್ ಹೇಳಿಕೊಟ್ಟ ಲೆಕ್ಕದಲ್ಲಿ ನುಂಗುತ್ತೇನೆ. ಎಷ್ಟೋ ಸಲ ಗುಳ್ಳೆ ಏಳುವುದೇ ಇಲ್ಲ. ಒಂದು ದಿನ ತಡ ಮಾಡಿದರೆ ಅಷ್ಟು ಕೇಳುವುದಿಲ್ಲ.

ಮೂತ್ರ ಮಾಡುವಾಗ ಒಂದು ಚೊಂಬು ಉಗುರುಬೆಚ್ಚಗಿನ ನೀರು ಮೇಲಿಂದ ಸುರಿದುಕೊಳ್ಳುತ್ತಾ ಮಾಡಿ. ಉರಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನೀರು ಜಾಸ್ತಿ ಕುಡಿಯಿರಿ, ಉರಿ ಅಂತ ನೀರು ಕುಡಿಯುವುದು ಬಿಟ್ಟರೆ ಮೂತ್ರ ಗಾಢವಾಗಿ ಇನ್ನೂ ಉರಿಯುತ್ತದೆ. ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸದೆ ಗಾಳಿಗೆ ಒಣಗಿಸಿ. ಸಡಿಲ ಪಂಚೆಯೇ ಸಾಕು, ಜೀನ್ಸ್ ಬೇಡ.

ಹಳೇ_ನರ್ಸ್

ಮಗಳೇ, ಮನಸ್ಸು ತುಂಬಿ ಬಂತು. ನೇರ ಮಾತು ಅವರೇ, ಅವಳ ಹಾಗಿನವರನ್ನು ವಾರ್ಡಿನಲ್ಲಿ ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕ ಇಲ್ಲ. ಗಂಡನಿಗೂ ಗೊತ್ತಿರುವುದಿಲ್ಲ ಎಷ್ಟೋ ಸಲ. ಗುಳ್ಳೆ ಇಲ್ಲದ ದಿನಗಳಲ್ಲೂ ಚರ್ಮದಿಂದ ವೈರಸ್ ಹೊರಗೆ ಬರುತ್ತಿರುತ್ತದೆ. ಹೆಚ್ಚಿನವರಿಗೆ ಅಂಟುವುದು ಹಾಗೆಯೇ, ತನಗೆ ಇದೆ ಅಂತ ಗೊತ್ತಿಲ್ಲದವರಿಂದ.

ಇನ್ನೊಂದು ಮಾತು ಎಲ್ಲರಿಗೂ. ಮೂತ್ರ ಪೂರ್ತಿ ಕಟ್ಟಿದರೆ, ತಲೆನೋವು ತಡೆಯಲಾಗದೆ ಕುತ್ತಿಗೆ ಬಿಗಿದರೆ, ಕಣ್ಣು ಕೆಂಪಾಗಿ ನೋವು ಬಂದರೆ ಬೆಳಗಿನವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಔಷಧಿ_ಅಂಗಡಿ

ನಾನು ಮೆಡಿಕಲ್ ಶಾಪ್ ನಡೆಸುವವನು, ಶಿವಮೊಗ್ಗ ಜಿಲ್ಲೆಯಲ್ಲೇ. ನಮ್ಮವರ ಪರವಾಗಿ ಮೊದಲು ಕ್ಷಮೆ ಕೇಳುತ್ತೇನೆ. ಮಲೆನಾಡಿನಲ್ಲಿ ಜೂನ್‌ನಿಂದ ಬಟ್ಟೆ ಒಣಗುವುದಿಲ್ಲ, ಎಲ್ಲರಿಗೂ ತೊಡೆಸಂದಿಯಲ್ಲಿ ಹುಳುಕಡ್ಡಿ, ಹಾಗಾಗಿ ತುರಿಕೆ ಅಂದ ಕೂಡಲೇ ನಮ್ಮ ಕೈ ಅದೇ ಟ್ಯೂಬಿಗೆ ಹೋಗುತ್ತದೆ. ಆ ಮಿಶ್ರಣದ ಕ್ರೀಮುಗಳಲ್ಲಿ ಎಷ್ಟೋ ಸಲ ಬಲವಾದ ಸ್ಟೀರಾಯ್ಡ್ ಇರುತ್ತದೆ. ಹರ್ಪಿಸ್ ಹುಣ್ಣಿನ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ವೈರಸ್‌ಗೆ ದಾರಿ ಬಿಟ್ಟ ಹಾಗೆ. ಈಗಲೇ ನಿಲ್ಲಿಸಿ. ಗುಳ್ಳೆಯಲ್ಲಿ ನೀರು ಇದೆಯೇ, ನೋವು ಇದೆಯೇ ಅಂತ ನಾನು ಈಗ ಕೇಳಿಯೇ ಕೊಡುತ್ತೇನೆ. ನೀವೂ ನಾಚದೆ ಹೇಳಿ, ಹೇಳದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?

ಏಸೈಕ್ಲೋವಿರ್ ಕ್ರೀಮ್ ಕೂಡ ಕೇಳುತ್ತಾರೆ. ಕೆಳಗಿನ ಹರ್ಪಿಸ್‌ಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ, ಮಾತ್ರೆಯೇ ಬೇಕು.

5 ದಿನ ಬರೆದಿದ್ದಾರೆ ಅಂದಿರಲ್ಲ, ಮೊದಲ ಸಲಕ್ಕೆ ಸಾಮಾನ್ಯವಾಗಿ 400 ಮಿಲಿಗ್ರಾಂ ದಿನಕ್ಕೆ 3 ಸಲ, 7 ರಿಂದ 10 ದಿನ ಕೊಡುತ್ತಾರೆ. ಸರಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೇ ಒಂದು ಕೆಂಪು ಬಣ್ಣದ ಕಿಟ್ ಇದೆ, 5ನೇ ನಂಬರಿನದು, ಅದರಲ್ಲಿ 7 ದಿನಕ್ಕೆ 21 ಮಾತ್ರೆ ಇರುತ್ತದೆ. ಒಂದೊಂದು ತೊಂದರೆಗೆ ಒಂದೊಂದು ಬಣ್ಣ ಅಲ್ಲಿ. 5 ದಿನ ಮುಗಿದ ಮೇಲೂ ಹುಣ್ಣು ಹಸಿಯಾಗಿದ್ದರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಮುಂದುವರಿಸಿ. ವ್ಯಾಲಾಸೈಕ್ಲೋವಿರ್ ಅಂತ ಇನ್ನೊಂದಿದೆ. ಹೊಟ್ಟೆಗೆ ಹೋದ ಮೇಲೆ ಏಸೈಕ್ಲೋವಿರ್ ಆಗಿಯೇ ಬದಲಾಗುತ್ತದೆ, ದಿನಕ್ಕೆ ಕಡಿಮೆ ಸಲ ತೆಗೆದುಕೊಂಡರೆ ಸಾಕು, ಬೆಲೆ ಸ್ವಲ್ಪ ಜಾಸ್ತಿ. ಕಿಡ್ನಿ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ಲೆಕ್ಕ ಬೇರೆ.

ಈ ಮಾತ್ರೆ ವೈರಸ್ ಬೆಳೆಯುವುದನ್ನು ತಡೆಯುತ್ತದೆ, ನರದ ಗಂಟಿನಲ್ಲಿ ಕೂತಿದ್ದನ್ನು ಓಡಿಸುವುದಿಲ್ಲ. 'ಬೇರು ಸಮೇತ ಕೀಳುತ್ತೇವೆ, 3 ತಿಂಗಳ ಕೋರ್ಸ್' ಅಂತ ಗೋಡೆಯ ಮೇಲೆ ಬರೆದವರ ಹತ್ತಿರ ಹೋಗಬೇಡಿ. ಹಾಗೆ ಕೀಳುವ ಔಷಧಿ ಇನ್ನೂ ಬಂದಿಲ್ಲ, ಲಸಿಕೆಯೂ ಬಂದಿಲ್ಲ. ಆದರೆ ಇರುವ ಮಾತ್ರೆ ಒಳ್ಳೆಯದು. ಇದನ್ನು ಕಂಡುಹಿಡಿದ ಕೆಲಸದಲ್ಲಿದ್ದ ಗರ್ಟ್ರೂಡ್ ಎಲಿಯನ್ ಅನ್ನುವ ವಿಜ್ಞಾನಿಗೆ 1988ರಲ್ಲಿ ನೊಬೆಲ್ ಬಂತು. ಈ ಮಾತ್ರೆ ಬರುವುದಕ್ಕೂ ಮುಂಚೆ ವೈರಸ್‌ಗೆ ಮಾತ್ರೆ ಅಂದರೆ ರೋಗಿಗೇ ವಿಷ ಅನ್ನುವ ಪರಿಸ್ಥಿತಿ ಇತ್ತು. ಕೌಂಟರಿನಲ್ಲಿ ಆ ಪಟ್ಟಿ ಕತ್ತರಿಸಿ ಕೊಡುವಾಗ ನನಗೆ ಅದು ನೆನಪಾಗುತ್ತದೆ.

ತೋಟದ_ಮನೆ (ಸೋಮವಾರ ರಾತ್ರಿ)

ಇವತ್ತು ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಬಂದೆ. ನಿಂತೇ ಹೋದೆ, ಕೂರಲು ಆಗಲಿಲ್ಲ. ಅಲ್ಲಿ ನೋಡಿದ ಡಾಕ್ಟರಮ್ಮ ಬಾಗಿಲು ಹಾಕಿ, ಕೈಗವಸು ಹಾಕಿಕೊಂಡು, ಲೈಟ್ ಹಿಡಿದು ಸರಿಯಾಗಿ ನೋಡಿದರು. ಅಷ್ಟಕ್ಕೇ ಅರ್ಧ ಭಾರ ಇಳಿಯಿತು. ಒಂದು ಮೂಲೆಯಲ್ಲಿ ಇನ್ನೂ ಹಸಿ ಇತ್ತು, ಅಲ್ಲಿಂದ ಸ್ವಾಬ್ ತೆಗೆದರು. ರಕ್ತವನ್ನೂ ತೆಗೆದರು. ಮಾತ್ರೆ 10 ದಿನಕ್ಕೆ ಮಾಡಿದರು.

ಹೆಂಡತಿಯನ್ನು ಕರೆದುಕೊಂಡು ಬನ್ನಿ, ಅವರ ರಕ್ತವನ್ನೂ ನೋಡಬೇಕು ಅಂದರು. ಬಸುರಿ ಅಂದ ಮೇಲೆ ತಡ ಮಾಡಬೇಡಿ ಅಂದರು. ಹಾಗಂದ ಮೇಲೆ ಮತ್ತೆ ಎದೆ ಹೊಡೆದುಕೊಳ್ಳುತ್ತಿದೆ. ಮಗುವಿಗೆ ಏನಾಗುತ್ತದೆ ಅಕ್ಕ? ಮುಚ್ಚಿಡದೆ ಹೇಳಿ.

ಹಳೇ_ನರ್ಸ್

ಮುಚ್ಚಿಡುವುದಿಲ್ಲ. ಹುಟ್ಟಿದ ಮಗುವಿಗೆ ಹರ್ಪಿಸ್ ಬರುವುದು ಅಪರೂಪ, ಆದರೆ ಬಂದರೆ ಬಹಳ ಕೆಟ್ಟದ್ದು. ಮಿದುಳಿಗೆ ಹೋಗಬಹುದು, ಜೀವಕ್ಕೆ ಅಪಾಯ ಆಗಬಹುದು. ಹಾಗಾಗಿಯೇ ಈಗಲೇ ಗೊತ್ತಾಗಿದ್ದು ಒಳ್ಳೆಯದಾಯಿತು, ಇನ್ನೂ 4 ತಿಂಗಳು ಕೈಯಲ್ಲಿದೆ.

ಎಲ್ಲವೂ ನಿಮ್ಮ ಹೆಂಡತಿಗೆ ಈ ಬಗೆ ಮೊದಲೇ ಇದೆಯೋ ಇಲ್ಲವೋ ಅನ್ನುವುದರ ಮೇಲಿದೆ. ಮೊದಲೇ ಇದ್ದರೆ ಅವಳ ಮೈ ಆಗಲೇ ಅದರ ವಿರುದ್ಧ ಶಕ್ತಿ ಮಾಡಿಕೊಂಡಿರುತ್ತದೆ, ಅದು ಮಗುವಿಗೂ ಹೋಗುತ್ತದೆ. ಅಂಥವರಿಗೆ ಮಗುವಿಗೆ ದಾಟುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಗುಳ್ಳೆ ಏಳುವ ಅಭ್ಯಾಸ ಇದ್ದರೆ 36ನೇ ವಾರದಿಂದ ಹೆರಿಗೆಯವರೆಗೆ ಮಾತ್ರೆ ಕೊಡುತ್ತಾರೆ. ಹೆರಿಗೆ ನೋವು ಬಂದಾಗ ಕೆಳಗೆ ಗುಳ್ಳೆ ಇದ್ದರೆ, ಅಥವಾ ಗುಳ್ಳೆ ಬರುವ ಮುಂಚಿನ ಆ ಚುರುಚುರು ಇದ್ದರೆ, ಸಿಸೇರಿಯನ್ ಮಾಡುತ್ತಾರೆ. ಇಲ್ಲದಿದ್ದರೆ ಮಾಮೂಲಿ ಹೆರಿಗೆಯೇ.

ಅವಳಿಗೆ ಇಲ್ಲದಿದ್ದರೆ ಆಗ ಜಾಸ್ತಿ ಎಚ್ಚರ ಬೇಕು. ಕೊನೆಯ 3 ತಿಂಗಳಲ್ಲಿ, ಅದರಲ್ಲೂ ಹೆರಿಗೆ ಹತ್ತಿರ ಇರುವಾಗ ಹೊಸದಾಗಿ ಅಂಟಿದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 30 ರಿಂದ 50. ತಾಯಿಯ ಮೈ ಶಕ್ತಿ ಮಾಡಿಕೊಳ್ಳುವಷ್ಟರಲ್ಲಿ ಹೆರಿಗೆ ಆಗಿಬಿಡುತ್ತದೆ. ಆದ್ದರಿಂದ ಕೊನೆಯ 3 ತಿಂಗಳು ಸೇರುವುದೇ ಬೇಡ, ಬಾಯಿಯಿಂದಲೂ ಬೇಡ. ಅದಕ್ಕೂ ಮುಂಚೆ ಕಾಂಡೋಮ್, ನಿಮಗೆ ದಿನಾ ಮಾತ್ರೆ. 2004ರಲ್ಲಿ ಬಂದ ದೊಡ್ಡ ಅಧ್ಯಯನ ಒಂದಿದೆ, ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳ ಮೇಲೆ ಮಾಡಿದ್ದು. ಇದ್ದವರು ದಿನಕ್ಕೊಂದು 500 ಮಿಲಿಗ್ರಾಂ ವ್ಯಾಲಾಸೈಕ್ಲೋವಿರ್ ತೆಗೆದುಕೊಂಡಾಗ ಇನ್ನೊಬ್ಬರಿಗೆ ಅಂಟುವುದು ಸುಮಾರು ಅರ್ಧ ಕಡಿಮೆಯಾಯಿತು. ಕಾಂಡೋಮ್ ಕೂಡ ಪೂರ್ತಿ ತಡೆಯುವುದಿಲ್ಲ, ಅದು ಮುಚ್ಚದ ಜಾಗದಿಂದಲೂ ಬರಬಹುದು. ಎರಡೂ ಸೇರಿದರೆ ಒಳ್ಳೆಯದು. ಗುಳ್ಳೆ ಇದ್ದಾಗ, ಚುರುಚುರು ಇದ್ದಾಗ ಏನೇ ಇದ್ದರೂ ಬೇಡ.

ಇಲ್ಲಿ ಎಲ್ಲರೂ ಓದಲಿ ಅಂತ ಒಂದು ಮಾತು ಸೇರಿಸುತ್ತೇನೆ. ಬಾಣಂತಿ ನೋಡಲು ಬಂದವರೆಲ್ಲ ಕೂಸಿಗೆ ಮುತ್ತು ಕೊಡುತ್ತಾರೆ. ತುಟಿಯಲ್ಲಿ ಜ್ವರದ ಗುಳ್ಳೆ ಇದ್ದವರು ಕೊಡಬಾರದು. ಅದೇ ವೈರಸ್. ಬೇಡ ಅಂತ ಹೇಳಲು ಅಜ್ಜಿಯಂದಿರಿಗೂ ಹೆದರಬೇಡಿ.

ಹೀಗಿರುವಾಗ ಅವಳಿಗೆ ಹೇಳದೆ ದಾರಿ ಇಲ್ಲ ತಮ್ಮಾ.

ಕೆಂಪು_ಹೆಂಚು

ಅಣ್ಣ, ನಾನು ಹೇಳಿದ ರೀತಿಯಲ್ಲಿ ಮಾತ್ರ ಹೇಳಬೇಡಿ. 5 ವರ್ಷದ ಹಿಂದೆ ನನಗೂ ಹೀಗೇ ಆಯಿತು. ಡಾಕ್ಟರ ಹತ್ತಿರದಿಂದ ನೇರ ಮನೆಗೆ ಬಂದು, ಚಪ್ಪಲಿ ಕೂಡ ಬಿಚ್ಚದೆ, ಅಡುಗೆ ಮನೆಯ ಬಾಗಿಲಲ್ಲಿ ನಿಂತು 'ನನಗೆ ಇದು ನಿನ್ನಿಂದಲೇ ಬಂದಿದ್ದು, ನಿಜ ಹೇಳು' ಅಂದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಒಲೆ ಆರಿಸಿದಳು, ಕೈ ತೊಳೆದಳು, ಒಂದು ಮಾತೂ ಆಡಲಿಲ್ಲ. ಮಾರನೇ ದಿನ ತವರಿಗೆ ಹೋದಳು. 4 ತಿಂಗಳು ಬರಲಿಲ್ಲ.

ಆಮೇಲೆ ಟೆಸ್ಟ್‌ನಲ್ಲಿ ನನ್ನದು ಒಂದನೇ ಬಗೆ ಅಂತ ಬಂತು. ಅವಳಿಗೆ 8 ವರ್ಷದವಳಿದ್ದಾಗಿನಿಂದ ತುಟಿಗೆ ಜ್ವರದ ಗುಳ್ಳೆ ಬರುತ್ತಿತ್ತು. ಅದು ನನಗೂ ಗೊತ್ತಿತ್ತು, ಎಷ್ಟೋ ಸಲ ನಾನೇ ಬೆಣ್ಣೆ ಹಚ್ಚಿದ್ದೇನೆ. ಬಂದದ್ದು ಅವಳಿಂದ ಹೌದು. ಆದರೆ ಅವಳ ತಪ್ಪು ಎಳ್ಳಷ್ಟೂ ಇಲ್ಲ. ನಾನು ಹೋಗಿ ಅವಳ ಅಪ್ಪನ ಮನೆಯ ಅಂಗಳದಲ್ಲಿ ನಿಂತು ಕ್ಷಮೆ ಕೇಳಿ ಕರೆದುಕೊಂಡು ಬಂದೆ. ಗುಳ್ಳೆ ಆಮೇಲೆ ಒಂದೇ ಸಲ ಬಂದಿದ್ದು, ಒಂದನೇ ಬಗೆ ಕೆಳಗೆ ಬಂದರೆ ಪದೇ ಪದೇ ಏಳುವುದು ಕಡಿಮೆಯಂತೆ. ಆ 4 ತಿಂಗಳು ಮಾತ್ರ ಈಗಲೂ ನಮ್ಮಿಬ್ಬರ ಮಧ್ಯೆ ಇದೆ.

ಮಳೆ_ಹುಡುಗಿ

ಅಣ್ಣ, ನಾನು ಈಗಿನ ಗಂಡನಿಗೆ ಹೇಳಿದ ಮಾತು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ನಿಶ್ಚಯಕ್ಕೆ ಮುಂಚೆ ತುಂಗಾ ಸೇತುವೆಯ ಹತ್ತಿರ ಕೂತಿದ್ದೆವು. 'ನನ್ನ ಮೈಯಲ್ಲಿ ಒಂದು ವೈರಸ್ ಇದೆ, ವರ್ಷಕ್ಕೆ ಒಂದೆರಡು ಸಲ ಹುಣ್ಣು ಬರುತ್ತದೆ, ನಿಮಗೆ ಅಂಟಬಹುದು, ಅಂಟದ ಹಾಗೆ ಮಾಡುವ ದಾರಿಗಳಿವೆ, ನೀವು ಡಾಕ್ಟರನ್ನು ಕೇಳಿ ಬಂದು ಆಮೇಲೆ ಉತ್ತರ ಹೇಳಿ' ಅಂದೆ. ಅಷ್ಟೇ. ಅಳಲಿಲ್ಲ. ಮೊದಲೇ ಅತ್ತು ಮುಗಿಸಿ ಹೋಗಿದ್ದೆ. ಅವರು 10 ದಿನ ಬಿಟ್ಟು ಬಂದರು.

ಹಗಲು ಹೊತ್ತಿನಲ್ಲಿ ಹೇಳಿ. ಮಲಗುವ ಹೊತ್ತಿನಲ್ಲಿ ಬೇಡ. ಮಗಳು ನಿದ್ದೆ ಮಾಡಿರಲಿ. ಮೊದಲು ಗೊತ್ತಿದ್ದದ್ದು ಹೇಳಿ, ಆಮೇಲೆ ಬೆಂಗಳೂರಿನದ್ದೂ ಹೇಳಿ. ಅದನ್ನು ಬಿಟ್ಟರೆ ಮುಂದೆ ಎಂದಾದರೂ ಹೊರಗೆ ಬರುತ್ತದೆ. ಬಾಯಿ ಬರದಿದ್ದರೆ 1097ಕ್ಕೆ ಫೋನ್ ಮಾಡಿ, ಅದು ಸರಕಾರದ ಉಚಿತ ಸಹಾಯವಾಣಿ, ಎಚ್‌ಐವಿ ಮತ್ತು ಇಂಥ ಕಾಯಿಲೆಗಳಿಗೆ ಇರುವುದು. ನಾನೂ ಮೊದಲು ಅಲ್ಲೇ ಮಾತಾಡಿದ್ದು.

ನೇರ_ಮಾತು

ನಿನ್ನೆ ಬರೆದದ್ದನ್ನು ಮತ್ತೆ ಓದಿದೆ. ತಂಗಿ, ನಿಮಗೆ ನೋವು ಮಾಡಿದೆ. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಚೊಗರಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ಯಾರೂ ಹಚ್ಚಬೇಡಿ. ಇನ್ನೊಂದು ಮಾತನ್ನೂ ವಾಪಸ್ ತೆಗೆದುಕೊಂಡಿದ್ದೇನೆ.

ತೋಟದ_ಮನೆ (13 ದಿನದ ನಂತರ)

ಎಲ್ಲರಿಗೂ ಉತ್ತರ ಕೊಡಬೇಕು ಅಂತ ಬಂದೆ.

ಹೇಳಿದೆ. ಬುಧವಾರ ಮಧ್ಯಾಹ್ನ ಬಚ್ಚಲೊಲೆಗೆ ಅವಳು ಅಡಿಕೆ ಸಿಪ್ಪೆ ಹಾಕುತ್ತಿದ್ದಳು. ನಾನು ಕೈಯಿಂದ ಸಿಪ್ಪೆಯ ಬುಟ್ಟಿ ತೆಗೆದುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತೆ. ಕೆಮ್ಮು ಸುಳ್ಳು ಅಂತ ಶುರು ಮಾಡಿದೆ. ಅವಳು 'ಗೊತ್ತಿತ್ತು, ಕೆಮ್ಮಿದ್ದು ಒಂದು ಸಲವೂ ಕೇಳಿಸಲಿಲ್ಲ' ಅಂದಳು. ಎಲ್ಲ ಹೇಳಿದೆ. ಬೆಂಗಳೂರಿನದ್ದೂ. ಒಲೆ ಉರಿದು ಹೋಯಿತು, ಯಾರೂ ಮತ್ತೆ ಸಿಪ್ಪೆ ಹಾಕಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, 'ಕೂಸಿಗೆ ಏನಾದರೂ ಆಗುತ್ತದಾ?' ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ 'ಯಾವ ಬಸ್ಸಿಗೆ ಹೋಗಬೇಕು' ಅಂದಳು.

ರಿಪೋರ್ಟ್ ಬಂತು. ನನ್ನ ಸ್ವಾಬ್‌ನಲ್ಲಿ ಎರಡನೇ ಬಗೆ. ನನ್ನ ಐಜಿಜಿ ಕೂಡ ಆಗಲೇ ಪಾಸಿಟಿವ್ ಇತ್ತು, ಇಂಡೆಕ್ಸ್ 6ರ ಮೇಲೆ. ಗುಳ್ಳೆ ಎದ್ದು ವಾರ ಕೂಡ ಆಗಿರಲಿಲ್ಲ, ಹಾಗಾಗಿ ಇದು ಹಳೆಯದು ಅಂದರು ಡಾಕ್ಟರಮ್ಮ. ಹೆಂಡತಿಗೆ ಒಂದನೇ ಬಗೆ ಇದೆ, ಎರಡನೆಯದು ಇಲ್ಲ. ಅಂದರೆ ಮದುವೆಗೆ ಮುಂಚೆಯಿಂದ ನನ್ನೊಳಗೇ ಇತ್ತು. 6 ವರ್ಷ ಅವಳಿಗೆ ಅಂಟದೆ ಉಳಿದಿದೆ. ನಾನು ಜಗುಲಿಯಲ್ಲಿ ಮಲಗಿಕೊಂಡು ಅವಳ ಮೇಲೆ ಏನೇನು ಯೋಚನೆ ಮಾಡಿದ್ದೆ ಅಂತ ನೆನೆದರೆ ಈಗ ಅವಳ ಮುಖ ನೋಡುವುದು ಕಷ್ಟವಾಗುತ್ತದೆ. ಅದನ್ನೂ ಅವಳಿಗೆ ಹೇಳಿದ್ದೇನೆ.

ಎಚ್‌ಐವಿ, ಸಿಫಿಲಿಸ್ ಇಬ್ಬರಿಗೂ ಇಲ್ಲ. ನನಗೆ ದಿನಕ್ಕೊಂದು ಮಾತ್ರೆ ಹೆರಿಗೆಯವರೆಗೆ, ಆಮೇಲೆ ನೋಡೋಣ ಅಂದಿದ್ದಾರೆ. ಮುಂದಿನ ತಿಂಗಳಿಂದ ಬೇರೆ ಬೇರೆ ಮಲಗುತ್ತೇವೆ, ಈ ಸಲ ಸುಳ್ಳು ಹೇಳಿ ಅಲ್ಲ. ಹೆರಿಗೆ ನೋಡುವ ಡಾಕ್ಟರಿಗೂ ತಿಳಿಸಿದೆವು. ಅವರು ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆದು, ಹೆರಿಗೆ ನೋವು ಬಂದಾಗ ಯಾರು ಡ್ಯೂಟಿಯಲ್ಲಿದ್ದರೂ ಇದನ್ನು ತೋರಿಸಿ ಅಂದರು. ಅವಳು ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಗೂಡಿನ ಪಕ್ಕ ಇಟ್ಟಿದ್ದಾಳೆ. ರಾತ್ರಿ ಊಟವಾದ ಮೇಲೆ ನನ್ನ ಮಾತ್ರೆ, ನೀರು ಎರಡನ್ನೂ ಅವಳೇ ತಂದು ಇಡುತ್ತಾಳೆ. ಮಾತು ಇನ್ನೂ ಮೊದಲಿನಷ್ಟು ಇಲ್ಲ.

ಹಳೇ_ನರ್ಸ್

ಬರುತ್ತದೆ ತಮ್ಮಾ. ಅವಸರ ಮಾಡಬೇಡ. ಹೆರಿಗೆಯಾದ ಮೇಲೆ ಇಲ್ಲಿ ಒಂದು ಸಾಲು ಬರೆ, ನಾನು ನೋಡುತ್ತಿರುತ್ತೇನೆ.

ಹೊಸನಗರ_27

ಇದನ್ನು ಮೊದಲಿನಿಂದ ಓದಿದೆ. ನನಗೂ ಹೀಗೇ ಆಗಿದೆ ಅನಿಸುತ್ತದೆ. ಮದುವೆ ಇನ್ನೂ ಆಗಿಲ್ಲ. ಮನೆಯಲ್ಲಿ ಗೊತ್ತಾದರೆ ನನ್ನನ್ನು ಉಳಿಸುವುದಿಲ್ಲ. ಹೇಗೆ ಬಂತು ಅಂತ ಇಲ್ಲಿ ಬರೆಯಬೇಕಾ?

ಹಳೇ_ನರ್ಸ್

ಬೇಡ ಮಗಾ, ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಗುಳ್ಳೆ ಎದ್ದು ಎಷ್ಟು ದಿನವಾಯಿತು? ಇನ್ನೂ ಹಸಿ ಇದೆಯಾ?